ಮೊದಲು ನಿದ್ದೆ ಹೋದವರು

ಸ್ವಯಂಸೇವೆ ಎಂಬ ಪದದಲ್ಲಿ ಸೇವೆ ನನ್ನದು, ಸ್ವಯಂ ಮಾತ್ರ ನಮ್ಮ ಪ್ರಿನ್ಸಿಪಾಲರದ್ದು. ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ವಾರ್ಷಿಕೋತ್ಸವದ ದಿನ ಮೈಕ್ ಪರೀಕ್ಷಿಸುವ ನೆಪದಲ್ಲಿ, ಮೂಗಿನಿಂದ ಹೊರಟು ಮೂಗಿನಲ್ಲೇ ಮುಗಿಯುವ ಅವರ ದನಿಯಲ್ಲಿ, "ಪ್ರಿಯ ವಿದ್ಯಾರ್ಥಿಗಳೇ, ನಾಳೆಯಿಂದ ಮೂರು ದಿನ ರಜೆ" ಎಂದುಬಿಟ್ಟೆ. ಎಲ್ಲರೂ ನಗುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ನಂಬಿದರು. ಮಾರನೆಯ ದಿನ ಕಾಲೇಜಿಗೆ ಬಂದವರು ಇಬ್ಬರೇ, ಪ್ರಿನ್ಸಿಪಾಲರು ಮತ್ತು ನಾನು. "ನಿಮ್ಮ ಗಂಟಲಿಗೆ ಇಷ್ಟೊಂದು ಶಕ್ತಿ ಇದೆಯಲ್ಲಮ್ಮ, ಸಮಾಜಕ್ಕೆ ಉಪಯೋಗ ಆಗ್ಲಿ," ಎಂದು ಅವರು ನನ್ನನ್ನು ಚಳಿಗಾಲದ ರಾತ್ರಿ ತಂಗುದಾಣಕ್ಕೆ ಬರೆದು ಕಳಿಸಿದರು. ಹಗಲು ಪುಸ್ತಕಗಳನ್ನು ಕಾಯುವುದು, ರಾತ್ರಿ ಮನುಷ್ಯರನ್ನು ಕಾಯುವುದು. ಪುಸ್ತಕಗಳೇ ವಾಸಿ. ಅವು ದೂರು ಹೇಳುವುದಿಲ್ಲ.

ತಂಗುದಾಣವೆಂದರೆ ಹಳೆಯ ರೇಷ್ಮೆಗೂಡಿನ ಮಾರುಕಟ್ಟೆ. ಉದ್ದನೆಯ ಒಂದೇ ಹಜಾರ, ಮೇಲೆ ತಗಡಿನ ಸೂರು, ಎಷ್ಟು ಸುಣ್ಣ ಬಳಿದರೂ ಗೋಡೆ ಬಿಟ್ಟು ಹೋಗದ ಗೂಡಿನ ಕಮಟು ವಾಸನೆ. ನಡುವೆ ಹಳೆ ಸೀರೆಗಳನ್ನು ಕಟ್ಟಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ. ಪುಷ್ಯದ ಚಳಿ ಹಿಡಿದ ದಿನದಿಂದ ಶಿವರಾತ್ರಿ ಕಳೆಯುವವರೆಗೆ, ಮನೆಯಿಲ್ಲದವರಿಗೆ ಸಂಜೆ ಆರಕ್ಕೆ ಬಾಗಿಲು ತೆರೆದು ಬೆಳಿಗ್ಗೆ ಆರಕ್ಕೆ ಮುಚ್ಚುತ್ತಿದ್ದರು. ನಲವತ್ತು ಚಾಪೆ, ನಲವತ್ತು ಕಂಬಳಿ, ನಾಲ್ಕು ಇದ್ದಿಲಿನ ಅಗ್ಗಿಷ್ಟಿಕೆ. ಇದ್ದಿಲಿನ ಹೊಗೆ ಕಟ್ಟಿಕೊಂಡರೆ ಮಲಗಿದವರು ಏಳುವುದೇ ಇಲ್ಲ. ಅದಕ್ಕೆ ರಾತ್ರಿಯಿಡೀ ಒಬ್ಬರು ಎಚ್ಚರವಿದ್ದು, ಕಿಟಕಿಯನ್ನು ಸಂದು ಬಿಟ್ಟು, ಕೆಂಡ ಕೆದಕುತ್ತಿರಬೇಕು. ಆ ಒಬ್ಬರು ನಾನು. ಕಾವು ಅವರದು, ಕಾವಲು ನನ್ನದು. ನನ್ನ ಹೆಸರು ಮೃಣಾಲಿನಿ. ಅದು ಅಲ್ಲಿ ಯಾರ ಬಾಯಲ್ಲೂ ಕೂರಲಿಲ್ಲ. ಎರಡನೆಯ ದಿನಕ್ಕೆ ಮಿಣ್ಣಿ ಮೇಡಂ ಆದೆ.

ಮೇಲ್ವಿಚಾರಕರು ಪರಶಿವಯ್ಯ. ಅವರು ನಗರಸಭೆಯಿಂದ ನಿವೃತ್ತರಾಗಿದ್ದರು, ನಗರಸಭೆ ಅವರಿಂದ ಇನ್ನೂ ನಿವೃತ್ತವಾಗಿರಲಿಲ್ಲ. ಅವರ ಬಾಯಲ್ಲಿ ಯಾವ ಮಾತೂ ಸಂಖ್ಯೆಯಿಲ್ಲದೆ ಹೊರಬರುತ್ತಿರಲಿಲ್ಲ. "ನಿಯಮ ನಾಲ್ಕು, ಉಪ್ಪಿನಕಾಯಿ ಒಬ್ಬರಿಗೆ ಒಂದೇ ಹೋಳು." "ನಿಯಮ ಒಂಬತ್ತು, ಕಂಬಳಿ ಕಾಲಿನ ಕಡೆಯಿಂದ ಹೊದೆಯತಕ್ಕದ್ದು." ಮೊದಲ ವಾರದಲ್ಲೇ ಅವರ ದನಿ ನನ್ನ ಕೈಗೆ ಸಿಕ್ಕಿಬಿಟ್ಟಿತು. ಅರ್ಧ ಮಾತು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಹೋಗುತ್ತಿತ್ತು, ಉಳಿದರ್ಧ ಕನ್ನಡಕ ಒರೆಸುವುದರಲ್ಲಿ. ಇಷ್ಟೆಲ್ಲ ನಿಯಮ ಹೇಳುವ ಮನುಷ್ಯ ಯಾವ ಕಾಗದಕ್ಕೂ ಸಹಿ ಹಾಕಿದ್ದನ್ನು ಮಾತ್ರ ನಾನು ನೋಡಲಿಲ್ಲ. ಪೆನ್ನು ಜೇಬಿನಲ್ಲೇ ಇರುತ್ತಿತ್ತು. ಅದು ಜೇಬು ಬಿಟ್ಟು ಕದಲುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಒಂದು ಸೂರಿನ ಕೆಳಗೆ ಮಲಗಿದವರಲ್ಲಿ ಯಾರಿಗೆ ಮೊದಲು ನಿದ್ದೆ ಹತ್ತುತ್ತದೋ, ಉಳಿದವರೆಲ್ಲ ಆ ರಾತ್ರಿ ಅವರ ಕನಸಿಗೇ ಹೋಗಬೇಕು. ಇದಕ್ಕೆ ಹೊಂದಿಕೊಂಡೇ ಎಲ್ಲರೂ ಬದುಕುತ್ತಾರೆ. ಹೆಣ್ಣು ನೋಡಲು ಬಂದವರು ಒಂದು ರಾತ್ರಿ ಉಳಿದುಕೊಳ್ಳುತ್ತಾರೆ. ರಾತ್ರಿ ಬಸ್ಸಿನಲ್ಲಿ ಯಾರಾದರೂ ತೂಕಡಿಸಿದರೆ ಕಂಡಕ್ಟರು ಮೊಣಕೈಯಿಂದ ತಿವಿಯುತ್ತಾನೆ, ಡ್ರೈವರೂ ಅದೇ ಸೂರಿನ ಕೆಳಗೆ ಇರುತ್ತಾನಲ್ಲ. ನಮ್ಮ ಮನೆಯಲ್ಲಿ ಅಪ್ಪ ಎಂಟೂವರೆಗೇ ಮಲಗುವವರು. ಇಪ್ಪತ್ತು ವರ್ಷ ನಾವು ನಾಲ್ವರೂ ಅವರ ಇಲಾಖಾ ಪರೀಕ್ಷೆಯ ಹಾಲಿನಲ್ಲಿ ಗೋಡೆಗೆ ಒರಗಿ ನಿಂತು ಕಳೆದಿದ್ದೇವೆ. ಅಪ್ಪ ಪಾಸಾಗಲಿಲ್ಲ. ಅಮ್ಮನಿಗೆ ಉತ್ತರಗಳೆಲ್ಲ ಬಾಯಿಪಾಠ. ಆದರೂ ಅಮ್ಮ ಒಂದು ದಿನವೂ ಹೇಳಿಕೊಡಲಿಲ್ಲ. ಬೇರೆಯವರ ಕನಸಿನಲ್ಲಿ ಕೈಕಟ್ಟಿ, ಬಾಯಿ ಮುಚ್ಚಿ, ಒಂದು ಬದಿಗೆ ನಿಲ್ಲಬೇಕು. ಏನನ್ನೂ ಮುಟ್ಟಬಾರದು. ಬೆಳಿಗ್ಗೆ ಎದ್ದ ಮೇಲೆ ಕನಸು ಕಂಡವರ ಎದುರಿಗೆ ಅದರ ಮಾತೆತ್ತಬಾರದು. ನಡೆಯಲು ಕಲಿಯುವ ಮುಂಚೆ ನಮಗೆ ಇದನ್ನು ಕಲಿಸುತ್ತಾರೆ. ಏಳನೆಯ ವಯಸ್ಸಿನಲ್ಲಿ ನಾನೊಮ್ಮೆ ಅಪ್ಪನ ಪರೀಕ್ಷೆಯಲ್ಲಿ "ಹನ್ನೆರಡನೇ ಪ್ರಶ್ನೆಗೆ ಉತ್ತರ ಬಿ" ಎಂದು ಕೂಗಿ, ಬೆಳಿಗ್ಗೆ ತಿಂದ ಏಟು ಇನ್ನೂ ನೆನಪಿದೆ.

ತಂಗುದಾಣದ ಪುಣ್ಯವೆಂದರೆ ಕೆಂಪಾಜಮ್ಮ. ಐವತ್ತೈದು ದಾಟಿದ ಗಟ್ಟಿ ಹೆಂಗಸು, ಹಿಂದೆ ಯಾವುದೋ ಛತ್ರದಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದವಳು, ಛತ್ರ ಬಿದ್ದ ಮೇಲೆ ಪೊರಕೆ ಮಾರುತ್ತಿದ್ದಳು. ಅವಳ ಕನಸಿನಲ್ಲಿ ಒಂದು ಬಚ್ಚಲುಮನೆ, ತಾಮ್ರದ ಹಂಡೆ, ಉರಿಯುವ ತೆಂಗಿನ ಗರಿ. ಅವಳು ಒಬ್ಬೊಬ್ಬರನ್ನೇ ಕರೆದು ಬೆನ್ನ ಮೇಲೆ ಚೊಂಬು ಚೊಂಬು ಬಿಸಿನೀರು ಹುಯ್ಯುತ್ತಿದ್ದಳಂತೆ. ಬೆಳಿಗ್ಗೆ ಎಲ್ಲರೂ ಕೆಂಪು ಕೆಂಪಾಗಿ, ಬೆವರೊರೆಸಿಕೊಳ್ಳುತ್ತ ಏಳುತ್ತಿದ್ದರು. ಇದ್ದಿಲಿನ ಕಾವು ಅರ್ಧ, ಕೆಂಪಾಜಮ್ಮನ ಕಾವು ಅರ್ಧ. ಸಂಜೆಯಾದರೆ ಎಲ್ಲರೂ ಅವಳ ಕಾಲೊತ್ತಿ, ಮೊದಲು ಅವಳನ್ನು ಮಲಗಿಸಿ, ಆಮೇಲೆ ತಾವು ಒರಗುತ್ತಿದ್ದರು. ನನಗೂ ಕೆಲಸ ಹಗುರ. ನಾನು ಅಗ್ಗಿಷ್ಟಿಕೆಯ ಪಕ್ಕ ಕೂತು ಎಲ್ಲರ ಗೊರಕೆಯನ್ನು ಒಂದೊಂದಾಗಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಆಮೇಲೆ ದಸ್ತಗೀರ್ ಸಾಬರು ಬಂದರು. ಅರವತ್ತರ ಆಸುಪಾಸು, ಸಣ್ಣ ಮೈ, ಮಸಿ ಹಿಡಿದ ಬೆರಳು. ಪಾತ್ರೆಗೆ ಕಲಾಯಿ ಹಾಕುವವರು. ಬೆಂಕಿ ಊದುವ ತಿದಿ, ಇದ್ದಿಲು, ಕಲಾಯಿ ಹಿಡಿಸುವ ನವಸಾಗರದ ಪುಡಿಯ ಡಬ್ಬಿ ಎಲ್ಲ ತುಂಬಿದ ಗೋಣಿಚೀಲ ಹೊತ್ತು ದಿನಕ್ಕೆ ಇಪ್ಪತ್ತು ಬೀದಿ ಸುತ್ತುವವರು. ಈಗ ಕಲಾಯಿ ಯಾರಿಗೆ ಬೇಕು, ಎಲ್ಲರ ಮನೆಯಲ್ಲೂ ಸ್ಟೀಲು. ಆದರೂ ಸುತ್ತುತ್ತಿದ್ದರು. ಬಂದ ಮೊದಲ ಸಂಜೆ ನನಗೆ, ಪರಶಿವಯ್ಯನವರಿಗೆ, ಅನ್ನದ ತಪ್ಪಲೆಗೆ, ಎಲ್ಲಕ್ಕೂ ಒಂದೊಂದು ನಮಸ್ಕಾರ ಹಾಕಿ, ತಟ್ಟೆ ಹಿಡಿದು ಕೂತು, ಎರಡನೆಯ ತುತ್ತು ಬಾಯಿಗೆ ಹೋಗುವ ದಾರಿಯಲ್ಲೇ ನಿದ್ದೆ ಹೋದರು. ಆಗ ಏಳು ಗಂಟೆ ಹತ್ತು ನಿಮಿಷ. ಸಾರು ಇನ್ನೂ ಬಡಿಸುತ್ತಿದ್ದರು.

ಆ ರಾತ್ರಿ ಕಂಡ ನೋಟ ನಾನು ಮರೆಯುವಂಥದ್ದಲ್ಲ. ಹತ್ತರ ಹೊತ್ತಿಗೆ ಒಬ್ಬೊಬ್ಬರಾಗಿ ನಿದ್ದೆ ಹೋದಂತೆ, ಕಂಬಳಿಯ ಒಳಗಿಂದ ಕೈಗಳು ಹೊರಬಂದು ಎದೆಯ ಮೇಲೆ ಕಟ್ಟಿಕೊಂಡವು. ಮೂವತ್ತೊಂಬತ್ತು ಜನ, ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ, ಮಲಗಿದಲ್ಲೇ ಕೈಕಟ್ಟಿಕೊಂಡು ಹಲ್ಲು ಕಟಕಟಿಸುತ್ತಿದ್ದರು. ಸಾಬರೊಬ್ಬರು ಮಾತ್ರ ಬಲಗೈ ಮುಷ್ಟಿ ಮಾಡಿ ನೆಲವನ್ನು ಮೂರು ಸಲ ತಟ್ಟುವುದು, ಕಾಯುವುದು, ಮತ್ತೆ ಮೂರು ಸಲ ತಟ್ಟುವುದು. ಬೆಳಗಿನವರೆಗೂ ಇದೇ. ನಾನು ಇದ್ದಿಲು ಸುರಿದೇ ಸುರಿದೆ. ಕನಸಿನ ಚಳಿಗೆ ಹೊರಗಿನ ಕೆಂಡ ಏನು ಮಾಡೀತು?

ಬೆಳಿಗ್ಗೆ ಕೆಂಪಾಜಮ್ಮ ನನ್ನನ್ನು ಮೂಲೆಗೆ ಎಳೆದಳು. "ಮಿಣ್ಣಿ ಮೇಡಂ, ಇದೇನ್ ಮಲಗೋ ಜಾಗಾನೋ, ನಿಲ್ಲೋ ಜಾಗಾನೋ? ಯಾವ್ದೋ ಬೀದಿ, ಸುಯ್ಯಂತ ಗಾಳಿ. ಆವಯ್ಯ ಒಂದ್ ಬಾಗ್ಲು ತಟ್ತಾನೇ ಇದಾನೆ, ಅವ್ರು ತೆಗೀತಾನೇ ಇಲ್ಲ. ರಾತ್ರಿಯೆಲ್ಲ ನಿಂತೂ ನಿಂತೂ ನನ್ ಮಂಡಿ ಹೋಯ್ತು."

"ರಾತ್ರಿ ಇರೋಕೆ ಜಾಗ ಕೇಳ್ತಿರ್ಬೇಕು ಪಾಪ," ಎಂದೆ.

"ಜಾಗ ಸಿಕ್ಕೈತಲ್ಲ ಇಲ್ಲಿ! ಸಿಕ್ಕಿದ ಜಾಗ್ದಲ್ಲಿ ಮಲಗಿ ಸಿಕ್ದಿರೋ ಜಾಗಾನ ಕನಸು ಕಾಣ್ತಾರಾ? ನಾನ್ ಬಚ್ಚಲುಮನೆ ಬಿಟ್ಟು ಇಂಥಾ ಬೀದಿಗ್ ಬೀಳ್ಬೇಕಾ?"

ಹಿಂದೆಯೇ ಕಂಡಕ್ಟರ್ ಪುಟ್ಟಮಾದಯ್ಯ ಬಂದ. ಬಸ್ಸು ಬಿಟ್ಟು ಹನ್ನೆರಡು ವರ್ಷವಾದರೂ ಕಿವಿಯ ಮೇಲೆ ಪೆನ್ಸಿಲ್ ಬಿಟ್ಟವನಲ್ಲ. "ಮೇಡಂ, ಈ ಪ್ಯಾಸೆಂಜರ್ ನಮ್ ರೂಟಿಗೆ ಆಗಲ್ಲ. ಇಳಿಸ್ಬಿಡಿ," ಎಂದ.

ನಾನು ಮಾಡದ ಉಪಾಯವಿಲ್ಲ. ಸಾಬರಿಗೆ ಗಟ್ಟಿ ಚಹಾ ಕೊಟ್ಟೆ, ಲೋಟ ಹಿಡಿದುಕೊಂಡೇ ಮಲಗಿದರು. ಎಬ್ಬಿಸಿ ಕೂರಿಸಿದರೆ "ತಪ್ಪಾಯ್ತು ತಾಯಿ" ಎನ್ನಲು ಹೊರಟು "ತಪ್ಪಾ"ದಲ್ಲೇ ಮತ್ತೆ ನಿದ್ದೆ. ಹಾಗಾದರೆ ಕೆಂಪಾಜಮ್ಮನನ್ನೇ ಮೊದಲು ಮಲಗಿಸೋಣವೆಂದು ಸಂಜೆ ಆರಕ್ಕೆ, ಸಾಬರು ಬರುವ ಮುಂಚೆ, ಚಾಪೆ ಹಾಸಿಕೊಟ್ಟೆ. ಉಳಿದವರೆಲ್ಲ ಸುತ್ತ ಕೂತು, ಹಾಲು ಉಕ್ಕುವುದನ್ನು ಕಾಯುವವರಂತೆ ಅವಳ ಕಣ್ಣುಗಳನ್ನೇ ನೋಡತೊಡಗಿದರು. "ಬಂತಾ ಅಕ್ಕಾ?" "ಈಗ ಬಂತಾ?" ಕೆಂಪಾಜಮ್ಮ ಧಡಕ್ಕನೆ ಎದ್ದು ಕೂತಳು. "ನಿಮ್ ಮುಖ ನೋಡ್ಕೊಂಡ್ ಯಾವಳ್ಗೆ ನಿದ್ದೆ ಬರುತ್ತೆ? ಹೆಣ ಕಾಯೋರ್ ಹಂಗೆ ಕೂತಿದೀರಲ್ಲ!" ಅಷ್ಟರಲ್ಲಿ ಸಾಬರು ಬಂದರು, ನಮಸ್ಕಾರ ಹಾಕಿದರು, ಗೋಡೆಗೆ ಒರಗಿದರು. ಮುಗಿಯಿತು.

ಕೊನೆಗೆ ನನ್ನ ವಿದ್ಯೆಯನ್ನೇ ಹೊರತೆಗೆದೆ. ಸಾಬರನ್ನು ನಗಿಸಿ ನಗಿಸಿ ಎಚ್ಚರವಾಗಿಡುವುದು, ಉಳಿದವರು ಹಿಂದಿನ ರಾತ್ರಿಗಳ ಆಯಾಸಕ್ಕೆ ಮಲಗಿಬಿಡುತ್ತಾರೆ, ಇದು ಲೆಕ್ಕಾಚಾರ. ಪರಶಿವಯ್ಯನವರು ಉಪ್ಪಿನಕಾಯಿ ಹಂಚುವುದನ್ನು ಮಾಡಿದೆ. ಪ್ರಿನ್ಸಿಪಾಲರು ಸೀನುವುದನ್ನು ಮಾಡಿದೆ. ಸೊಪ್ಪಿನವಳು, ಕುಕ್ಕರು, ಎರಡು ಗಂಡು ಬೆಕ್ಕುಗಳ ಜಗಳ, ಸ್ಟಾರ್ಟ್ ಆಗದ ಬಸ್ಸು. ಹಜಾರದಲ್ಲಿ ಮಲಗಿದ್ದವರೂ ಎದ್ದು ಕೂತರು. ಸೀರೆಯ ತೆರೆ ಸರಿಸಿ ಹೆಂಗಸರೆಲ್ಲ ಈಚೆ ಬಂದರು. ಪುಟ್ಟಮಾದಯ್ಯ ಬಸ್ಸಿಗೆ ಶಿಳ್ಳೆ ಹೊಡೆದ. ಕೆಂಪಾಜಮ್ಮ ಕಣ್ಣೊರೆಸಿಕೊಳ್ಳುತ್ತ "ಆ ಬೆಕ್ಕು ಇನ್ನೊಂದ್ಸಲ, ಇನ್ನೊಂದೇ ಒಂದ್ಸಲ" ಎಂದಳು. ಸಾಬರೂ ಮನಸಾರೆ ನಕ್ಕು ಚಪ್ಪಾಳೆ ತಟ್ಟಿದರು. ಎರಡು ಚಪ್ಪಾಳೆಯ ನಡುವೆ ನಿದ್ದೆ ಹೋದರು. ಉಳಿದ ಮೂವತ್ತೊಂಬತ್ತು ಜನ ಕಣ್ಣಲ್ಲಿ ಒಂದು ಚೂರೂ ನಿದ್ದೆಯಿಲ್ಲದೆ, ಮುಂದೆ ಯಾವ ಬೀದಿ ಕಾದಿದೆ ಎಂಬುದನ್ನು ಚೆನ್ನಾಗಿ ಬಲ್ಲವರಾಗಿ, ನನ್ನನ್ನೇ ನೋಡುತ್ತ ಕೂತರು. ಎರಡು ಗಂಟೆಯವರೆಗೆ ಬೈದರು. ಅಣಕು ಮಾಡುವವಳಿಗೆ ಬೈಗುಳವೂ ಪಾಠವೇ ಎಂದು ಸಮಾಧಾನ ಮಾಡಿಕೊಂಡೆ. ಆಗಲಿಲ್ಲ.

ಹೀಗೆ ಹದಿನೈದು ದಿನ ಕಳೆಯಿತು. ಕೆಮ್ಮು ಹಬ್ಬಿತು. ಇಬ್ಬರು ಮುದುಕರು ಜ್ವರ ಬಂದು ಆಸ್ಪತ್ರೆ ಸೇರಿದರು. ಹದಿನಾರನೆಯ ಸಂಜೆ, ಹೊರಗಿನ ನಲ್ಲಿಯ ಬಾಯಲ್ಲಿ ನೀರು ಕಡ್ಡಿಯಂತೆ ಹೆಪ್ಪುಗಟ್ಟಿ ನಿಂತ ದಿನ, ಪರಶಿವಯ್ಯನವರು ಒಂದು ಕಾಗದ ಹಿಡಿದು ನನ್ನ ಮುಂದೆ ನಿಂತರು. ತಂಗುದಾಣದ ನಿವಾಸಿಗಳ ಮನವಿ. ಮೂವತ್ತಾರು ಹೆಬ್ಬೆಟ್ಟು, ಒಂದು ಸಹಿ. ಸಹಿ ಪುಟ್ಟಮಾದಯ್ಯನದು, ಪೆನ್ಸಿಲಿನಲ್ಲಿ.

"ಸದರಿ ವ್ಯಕ್ತಿಯು," ಎಂದು ಗಂಟಲು ಸರಿಮಾಡಿಕೊಂಡರು, "ಇಂದಿನಿಂದ ಹೊರಗಿನ ಜಗಲಿಯಲ್ಲಿ ಮಲಗತಕ್ಕದ್ದು. ಜಗಲಿಯ ಸೂರು ಬೇರೆ. ಕನಸು ಒಳಗೆ ಬರುವುದಿಲ್ಲ. ನಿಯಮ ಹದಿಮೂರು."

"ಸರ್, ಹೋದ ವರ್ಷ ಒಬ್ಬ ಮರಗೆಲಸದವರನ್ನ ಜಗಲಿಯಲ್ಲಿ ಮಲಗಿಸಿದ್ರಂತಲ್ಲ. ಬೆಳಿಗ್ಗೆ ಏನಾಗಿತ್ತು?"

ಅವರು ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯ ಬೆಳಿಗ್ಗೆ ಏಳಲಿಲ್ಲವೆಂದು ಕೆಂಪಾಜಮ್ಮ ನನಗೆ ಹೇಳಿದ್ದಳು. ಅಂದಿನ ಚಳಿ ಇವತ್ತಿನ ಅರ್ಧವೂ ಇರಲಿಲ್ಲ. ನಿಯಮದೊಳಗೆ ಯಮ ಕೂತಿರುವುದು ಅಕ್ಷರದಲ್ಲಿ ಮಾತ್ರವಲ್ಲ ಎಂದು ನನಗೆ ಆಗ ಹೊಳೆಯಿತು, ನಗು ಮಾತ್ರ ಬರಲಿಲ್ಲ. ಸಾಬರು ಅಲ್ಲೇ ಬಾಗಿಲ ಬಳಿ ಚೀಲ ಇಳಿಸದೆ ನಿಂತಿದ್ದರು. "ನಾನ್ ಹೊರಗೇ ಮಲಗ್ತೀನಿ ತಾಯಿ. ಇದ್ದಿಲು ಐತೆ ನನ್ ಹತ್ರ," ಎಂದರು. ಚೀಲದಲ್ಲಿದ್ದ ಇದ್ದಿಲು ಒಂದು ಬೊಗಸೆ.

ನನಗೆ ತಲೆ ಕೆಟ್ಟುಹೋಯಿತು. ಇತ್ತ ಚಳಿಯಲ್ಲಿ ನಡುಗುವ ಮೂವತ್ತೇಳು ಜನ, ಅವರದೇನು ತಪ್ಪು? ಅತ್ತ ನಿದ್ದೆ ಮಾಡಿದ್ದೇ ತಪ್ಪಾದ ಒಬ್ಬ ಮುದುಕ. ನಡುವೆ ಪೆನ್ನು ತೆಗೆಯದ ಈ ಮಹಾಶಯ. "ಹಾಗಾದ್ರೆ ಆದೇಶ ಬರೆದು ಸಹಿ ಹಾಕಿ ಕೊಡಿ ಸರ್," ಎಂದೆ. "ದಸ್ತಗೀರ್ ಸಾಬರನ್ನು ಈ ರಾತ್ರಿ ಹೊರಗೆ ಮಲಗಿಸಿದ್ದು ಪರಶಿವಯ್ಯ ಅಂತ. ಈಗ್ಲೇ ಗೋಡೆಗೆ ಅಂಟಿಸ್ತೀನಿ."

ಅವರ ಕೈ ಜೇಬಿನ ತನಕ ಹೋಗಿ, ಪೆನ್ನನ್ನು ಮುಟ್ಟಿ, ಬಿಸಿ ತಾಗಿದಂತೆ ವಾಪಸ್ಸಾಯಿತು. "ಒಂದು ರಾತ್ರಿ," ಎಂದರು. "ನಾಳೆಯಿಂದ ಜಗಲಿ."

"ಇವತ್ತು ಕೆಂಡ ನೀವು ನೋಡ್ಕೊಳ್ಳಿ. ನಾನು ಮಲಗ್ತೀನಿ."

"ಸ್ವಯಂಸೇವಕರು ನಿದ್ರಿಸತಕ್ಕದ್ದಲ್ಲ!"

"ಅದಕ್ಕೂ ಒಂದು ಆದೇಶ ಬರೀರಿ," ಎಂದು ಕೆಂಡ ಕೆದಕುವ ಕಡ್ಡಿಯನ್ನು ಅವರ ಕೈಗೆ ಕೊಟ್ಟು, ಕೆಂಪಾಜಮ್ಮನ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದೆ. ಅವಳು ಮುಖ ತಿರುಗಿಸಿಕೊಂಡಳು. "ಬಾ, ನೀನೂ ನಿಂತ್ಕೊ ಬಾ," ಎಂದು ಮಾತ್ರ ಗೊಣಗಿದಳು. ತೆರೆಯ ಆಚೆ ಸಾಬರಿಗೆ ಆಗಲೇ ನಿದ್ದೆ ಹತ್ತಿತ್ತು.

ಬೀದಿ ಅವಳು ಹೇಳಿದ್ದಕ್ಕಿಂತ ಉದ್ದವಾಗಿತ್ತು. ಎರಡೂ ಕಡೆ ಜೋಡಿಸಿಟ್ಟಂತೆ ಮನೆಗಳು, ಎಲ್ಲದರ ಬಾಗಿಲೂ ಒಂದೇ ಥರ. ಸುಟ್ಟ ನವಸಾಗರದ ಘಾಟು ಹೊತ್ತ ಗಾಳಿ ಮೂಳೆಯನ್ನು ಹುಡುಕಿಕೊಂಡು ಬರುತ್ತಿತ್ತು. ನಮ್ಮವರೆಲ್ಲ ಗೋಡೆಯ ಪಕ್ಕ ಸಾಲಾಗಿ, ಕೈಕಟ್ಟಿ, ಮರ್ಯಾದೆಯಿಂದ ನಿಂತಿದ್ದರು. ಹದಿನೈದು ರಾತ್ರಿ ನಿಂತ ಅಭ್ಯಾಸದಿಂದ ಪ್ರತಿಯೊಬ್ಬರಿಗೂ ಒಂದೊಂದು ಜಾಗ ಗೊತ್ತಾಗಿಹೋಗಿತ್ತು. ಸಾಬರು ಬಗಲಲ್ಲಿ ಏನೋ ಗಂಟು ಇಟ್ಟುಕೊಂಡು ಒಂದು ಬಾಗಿಲನ್ನು ಮೂರು ಸಲ ತಟ್ಟಿದರು, ಕಾದರು, ಮತ್ತೆ ತಟ್ಟಿದರು. ನಾನೂ ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತೆ. ಎಷ್ಟು ಹೊತ್ತು ನಿಂತೆನೋ. ಕಾಲ್ಬೆರಳುಗಳು ನನ್ನವು ಅನ್ನಿಸುವುದು ನಿಂತುಹೋಯಿತು. ನಾಳೆ ಈ ಮನುಷ್ಯ ಸಾಯುತ್ತಾರೆ, ನಾವೆಲ್ಲ ಇಲ್ಲಿ ಸಭ್ಯತೆಯಿಂದ ನಿಂತಿದ್ದೇವೆ ಎಂದು ಒಂದೇ ಸಮನೆ ಸಿಟ್ಟು ಬಂತು. ಕಟ್ಟಿದ ಕೈ ಬಿಚ್ಚಿ, ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿರುವಾಗಲೇ, ಮನೆಯ ಪಕ್ಕದ ಓಣಿಯಲ್ಲಿ ನುಗ್ಗಿ ಹಿತ್ತಿಲಿಗೆ ಹೋದೆ.

ಹಿತ್ತಿಲ ಬಾಗಿಲನ್ನು ಅಗುಳಿ ಹಾಕದೆ ಬರೀ ಮುಂದೆ ಮಾಡಿತ್ತು. ಒಳಗೆ ಯಾರೂ ಇಲ್ಲ. ತಣ್ಣಗಿನ ಒಲೆ, ಖಾಲಿ ನಡುಮನೆ. ಮುಂಬಾಗಿಲ ಅಗುಳಿಯ ಮೇಲೆ ಕೈಯಿಟ್ಟು, ನಿದ್ದೆಗೆಟ್ಟಾಗ ನಮ್ಮ ಸೋದರತ್ತೆಗೆ ಬರುವ ದನಿಯನ್ನು ತಂದುಕೊಂಡೆ. "ಯಾರ್ರೀ ಅದು, ಇಷ್ಟೊತ್ನಲ್ಲಿ?" ಎಂದು ಬಾಗಿಲು ತೆಗೆದೆ.

ಸಾಬರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬಗಲಿನ ಗಂಟು ಬಿಚ್ಚಿದರು. ಒಳಗೊಂದು ಹಿತ್ತಾಳೆ ತಪ್ಪಲೆ, ಕಲಾಯಿ ಹೊಚ್ಚಹೊಸದು, ಒಳಗಡೆ ಬೆಳ್ಳಿಯ ಹಾಗೆ ಮಿರುಗುತ್ತಿತ್ತು. "ತಾಯಿ, ಈ ತಪ್ಪಲೆ ನಿಮ್ದಾ?"

ಇಷ್ಟೇನಾ! ಹದಿನೈದು ದಿನ, ಎರಡು ಜ್ವರ, ಮೂವತ್ತಾರು ಹೆಬ್ಬೆಟ್ಟು, ಎಲ್ಲ ಒಂದು ತಪ್ಪಲೆಗೆ! ಇಸಿದುಕೊಂಡು ಬಾಗಿಲು ಹಾಕಿದರೆ ಕಥೆ ಮುಗಿಯಿತು. "ಹೂಂ, ನಮ್ದೇ. ಎಷ್ಟ್ ದಿನ ಆಯ್ತು, ಕೊಡಿ ಇಲ್ಲಿ," ಎಂದು ಅತ್ತೆಯ ದನಿಯಲ್ಲೇ ಕೈ ಚಾಚಿದೆ.

ಅವರು ಕೊಡಲಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಪ್ಪಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದರು. "ಇಲ್ಲ ತಾಯಿ, ನಿಮ್ದಲ್ಲ. ನಿಮ್ದಾಗಿದ್ರೆ ಬೈತಿದ್ರಿ."

"ಯಾಕ್ ಬೈಬೇಕು?"

"ಸುಟ್ಟಾಕ್ದೆನಲ್ಲ," ಎಂದರು. "ಮೂವತ್ತು ವರ್ಷದ ಮಾತು. ಇಂಥಾದ್ದೇ ಬೀದಿ. ಹೆಣ್ಮಗಳು ತಪ್ಪಲೆ ಕೊಟ್ಟು, ಕೂತ್ಕೊಳ್ಳಿ ಸಾಬರೇ ಕಾಫಿ ತರ್ತೀನಿ ಅಂತ ಒಳಗ್ ಹೋದ್ಳು. ನಾನು ತಿದಿ ಊದ್ತಾ ಊದ್ತಾ ತೂಕಡಿಸ್ಬಿಟ್ಟೆ ತಾಯಿ. ಕಣ್ ಬಿಟ್ಟಾಗ ತಳ ಕರಗಿ ತೂತಾಗಿತ್ತು. ಅವ್ಳ ತವರುಮನೆ ಪಾತ್ರೆ ಅಂದಿದ್ಳು. ಚೀಲಕ್ಕೆ ತುರುಕ್ಕೊಂಡು ಓಡ್ಬಿಟ್ಟೆ. ಕಾಫಿ ಲೋಟ ಹಿಡ್ಕೊಂಡು ಅವ್ಳು ಈಚೆ ಬಂದಿರ್ತಾಳೆ, ಅಲ್ವಾ? ಅಲ್ಲಿ ನಾನಿಲ್ಲ. ಆಮೇಲೆ ಆ ಬೀದಿ ಯಾವ್ದು ಅಂತ್ಲೇ ಮರ್ತೋಯ್ತು. ಇಲ್ಲಿ ಮಾತ್ರ ತಪ್ಪಲೆ ಸರಿಯಾಗೈತೆ. ಕೊಟ್ಟು, ಒಂದ್ಸಲ ಬೈಸ್ಕೊಂಡ್ ಬಿಟ್ರೆ ಮುಗೀತು."

"ಹೆಂಗಿತ್ತು ಅವಳ ದನಿ? ಹೇಳಿ, ಹಂಗೇ ಬೈತೀನಿ," ಎಂದೆ. ಎಂಥ ದನಿಯನ್ನಾದರೂ ತರುವವಳು ನಾನು.

"ನೆನಪಿಲ್ಲ ತಾಯಿ. ಕೇಳಿದ್ರೆ ಗೊತ್ತಾಗ್ತದೆ."

ಕೇಳದ ದನಿಯನ್ನು ನಾನು ಎಲ್ಲಿಂದ ತರಲಿ? ಗೋಡೆಯ ಸಾಲಿನಲ್ಲಿ ಕೆಂಪಾಜಮ್ಮನ ಕೈ ಬಿಚ್ಚಿಕೊಂಡಿತು. "ಅಯ್ಯೋ ನಿನ್ ಬಾಯಿಗಿಷ್ಟು!" ಎಂದು ಅವಳು ಬೀದಿಯ ನಡುವಿಗೆ ಬಂದಳು. "ಹದಿನೈದ್ ದಿನದಿಂದ ಒಂದೇ ಬಾಗ್ಲು ತಟ್ತಿದೀಯಲ್ಲಯ್ಯ, ತೆಗೀದಿದ್ರೆ ಮುಂದಿನ್ ಮನೆಗ್ ಹೋಗಕ್ಕೇನಾಗಿತ್ತು?"

"ಇದೇ ಅವ್ಳ ಮನೆ ಆಗಿದ್ರೆ ಅಕ್ಕ? ಇನ್ನೊಂದ್ಸಲ ಬಿಟ್ಟು ಹೋದಂಗಾಗಲ್ವಾ?"

ಕೆಂಪಾಜಮ್ಮ ಬೀದಿಯುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. "ಸರಿ, ಇದಲ್ಲ ಅಂತ ಗೊತ್ತಾಯ್ತಲ್ಲ. ಏನ್ರೋ ನಿಂತಿದೀರ? ಕಾಲು ಇರೋದು ನಿಲ್ಲಕ್ಕೇನಾ?" ಪುಟ್ಟಮಾದಯ್ಯನಿಗೆ ಅಷ್ಟೇ ಬೇಕಾಗಿದ್ದದ್ದು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಎಡಗಡೆ ಸಾಲು ಹೆಂಗಸ್ರು, ಬಲಗಡೆ ಗಂಡಸ್ರು! ಒಬ್ರಿಗ್ ಎಂಟ್ ಮನೆ! ಹಿಂದ್ಗಡೆ ಓಣಿ ನಾನು ನೋಡ್ಕೊಂತೀನಿ, ರೈಟ್ ರೈಟ್!" ಎಂದು ಕೂಗಿದ. ಹುಟ್ಟಿದಾಗಿನಿಂದ ಬೇರೆಯವರ ಕನಸಿನಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟದ ಜನ, ಮೊದಮೊದಲು ಅಂಜುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ, ಆಮೇಲೆ ಧೈರ್ಯವಾಗಿ ಬಾಗಿಲುಗಳನ್ನು ತಟ್ಟತೊಡಗಿದರು. ಓಡಾಡಿದ್ದಕ್ಕೋ ಏನೋ ಚಳಿ ಅಷ್ಟಾಗಿ ಹತ್ತಲಿಲ್ಲ. ನಾನು ಮೂರನೆಯ ಬಾಗಿಲಿನಲ್ಲಿದ್ದಾಗ ಯಾರೋ ಭುಜ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಪರಶಿವಯ್ಯ, ಮುಖವೆಲ್ಲ ಇದ್ದಿಲ ಮಸಿ.

"ಏನ್ರೀ ಇದು?" ಎಂದು ಪಿಸುಗುಟ್ಟಿದರು. ಹಜಾರದ ತುಂಬ ಒಬ್ಬೊಬ್ಬರ ಕೈ ಒಂದೊಂದು ಲಯದಲ್ಲಿ ನೆಲವನ್ನು ತಟ್ಟುತ್ತಿತ್ತು, ತಗಡಿನ ಸೂರಿಗೆ ಆಲಿಕಲ್ಲು ಬಿದ್ದ ಹಾಗೆ. "ಇದಕ್ಕೆ ಯಾವ ನಿಯಮಾನೂ ಇಲ್ವಲ್ರೀ!"

ಆರು ಗಂಟೆಗೆ ಎಲ್ಲರೂ ಎದ್ದರು, ಬೈದುಕೊಂಡೇ ಎದ್ದರು. ಒಬ್ಬನಿಗೆ ಇನ್ನೊಂದು ಮನೆ ಉಳಿದಿತ್ತು, ಒಬ್ಬಳ ಮನೆಯಲ್ಲಿ ನಾಯಿ ಇತ್ತಂತೆ. ಆ ಹೆಂಗಸು ಸಿಕ್ಕಿರಲಿಲ್ಲ. ಪರಶಿವಯ್ಯನವರು ಮನವಿ ಹಿಡಿದು, "ಹಾಗಾದರೆ ಇಂದಿನಿಂದ ಸದರಿ ವ್ಯಕ್ತಿಯು" ಎಂದು ಶುರುಮಾಡುತ್ತಲೇ ಒಬ್ಬೊಬ್ಬರಾಗಿ ಬಂದು ಕಾಗದಕ್ಕೆ ಬಗ್ಗಿ, "ಇದು ನನ್ ಹೆಬ್ಬೆಟ್ಟಲ್ಲ ಸ್ವಾಮಿ", "ನಂದು ಇನ್ನೂ ದಪ್ಪ" ಎನ್ನತೊಡಗಿದರು. ಪುಟ್ಟಮಾದಯ್ಯ ಬೆರಳಿಗೆ ಉಗುಳು ಹಚ್ಚಿ ತನ್ನ ಪೆನ್ಸಿಲ್ ಸಹಿಯನ್ನು ಒರೆಸಿಯೇಬಿಟ್ಟ.

ಅಷ್ಟರಲ್ಲಿ ಸಾಬರು ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿದ್ದರು. ತನ್ನ ಕನಸಿನ ಮಾತು ಹಗಲು ಬೆಳಕಿನಲ್ಲಿ ಇಷ್ಟು ಜನರ ಬಾಯಲ್ಲಿ ಬರುವುದನ್ನು ನಮ್ಮ ಊರಿನಲ್ಲಿ ಯಾರೂ ತಡೆದುಕೊಳ್ಳಲಾರರು. ತಲೆ ಎತ್ತದೆಯೇ, "ತೊಂದ್ರೆ ಕೊಟ್ಬಿಟ್ಟೆ ಎಲ್ಲಾರ್ಗೂ. ಬೇರೆ ಊರ್ ಕಡೆ ಹೋಗ್ತೀನಿ," ಎಂದರು. ಹೊರಗೆ ಇನ್ನೂ ಹೆಪ್ಪುಗಟ್ಟುವ ಚಳಿ, ಮುಂದಿನ ಊರಿಗೆ ಎರಡು ದಿನದ ದಾರಿ. ನಾನು ಏನಾದರೂ ಹೇಳುವ ಮುಂಚೆ ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡು ಅವರ ಮುಂದೆ ನಿಂತಿದ್ದಳು.

"ಎಲ್ಲಿಗಯ್ಯಾ ಹೊಂಟೆ? ಓಡೋದೊಂದ್ ಕಲ್ತಿದೀಯ ಜೀವಮಾನ್ದಲ್ಲಿ! ಅವತ್ ಅವ್ಳಿಗ್ ಹೇಳ್ದೆ ಓಡ್ದೆ, ಇವತ್ ನಮಗ್ ಹೇಳಿ ಓಡ್ತೀಯ, ಅಷ್ಟೇ ಉದ್ಧಾರ! ಏಳ್ ಮನೆ ಬಾಗ್ಲು ತಟ್ಟಿದೀನಿ ರಾತ್ರಿ, ನೋಡು ಬೆರಳು ಹೆಂಗ್ ಊದೈತೆ. ಇದ್ಯಾವ್ಳಿಗ್ ತಟ್ಟಿದ್ದು? ನಮ್ಮಪ್ಪನ್ ಮನೆ ತಪ್ಪಲೆಗಾ? ಬಿಸಿನೀರ್ ಬಿಟ್ಟು, ಮಂಡಿ ಬಿಟ್ಟು, ಮಾನ ಬಿಟ್ಟು ಬೀದೀಲ್ ಬಾಗ್ಲು ಬಡೀತಾ ಇದೀವಿ, ಈಗ ಅರ್ಧಕ್ಕೆ ಬಿಟ್ ಹೋದ್ರೆ ಉಳಿದ ಮನೆ ನಿಮ್ಮಪ್ಪ ಬಂದ್ ತಟ್ತಾನಾ? ನಾಚ್ಕೆ ಆಗ್ಬೇಕು! ಇಷ್ಟ್ ವಯಸ್ಸಾಗೈತೆ!"

ಸಾಬರು ಹೆಗಲಿನ ಚೀಲವನ್ನು ನಿಧಾನವಾಗಿ ನೆಲಕ್ಕಿಳಿಸಿದರು. ತಲೆಯನ್ನು ಒಂದು ಬದಿಗೆ ವಾಲಿಸಿ, ಪಾತ್ರೆಯನ್ನು ಬೆರಳಿನಿಂದ ತಟ್ಟಿ ಬಿರುಕು ಇದೆಯೇ ಎಂದು ಕಿವಿಗೊಡುವವರಂತೆ, ಅವಳ ಬೈಗುಳವನ್ನು ಪೂರ್ತಿ ಕೇಳಿದರು.

"ಇಲ್ಲ ಅಕ್ಕ, ಆವಮ್ಮ ನೀವಲ್ಲ," ಎಂದರು. ಆಮೇಲೆ ಚೀಲದ ಮೇಲೆಯೇ ಕೂತರು. "ಆದ್ರೂ ಇನ್ನೊಂಚೂರು ಬೈರಿ."